ಬ್ಯಾಸ್ಕೆಟ್‌ಬಾಲ್ ಮೊದಲ ಹಾಫ್‌ನ ಒಟ್ಟು ಅಂಕ ಅಂದಾಜು ಮಾಡುವುದು ಹೇಗೆ

ಮೊದಲಿಗೇ ಒಂದು ಮಾತು: ಪಂದ್ಯದಲ್ಲಿ ಏನಾಗುತ್ತದೆ ಅಂತ ಊಹಿಸಿ 'ಹೌದು' ಅಥವಾ 'ಇಲ್ಲ' ಕಾಂಟ್ರಾಕ್ಟ್ ಕೊಳ್ಳುವ ಮಾರುಕಟ್ಟೆಗಳು ಅಮೆರಿಕದಲ್ಲಿವೆ, ಬೆಂಗಳೂರಲ್ಲಿ ಕೂತು ಅದಕ್ಕೆ ದುಡ್ಡು ಹಾಕಬೇಡಿ. ಆಗಸ್ಟ್ 2025ರಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ವಿಪಿಎನ್ ಹಾಕಿಕೊಂಡು ಅಮೆರಿಕದ ಮಾರುಕಟ್ಟೆಗೆ ಹೋಗು ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಒಂದು ನೋಟ್‌ಬುಕ್ ಸಾಕು. ಬೆಲೆ ಓದಿ, ಅದು ಸರಿಯಾ ತಪ್ಪಾ ಅಂತ ಲೆಕ್ಕ ಹಾಕುವುದರಲ್ಲೇ ಇದರ ಮಜಾ ಇರುವುದು.

ಮಾರುಕಟ್ಟೆ ಕೇಳುವ ಪ್ರಶ್ನೆ ಸರಳ. 'ಮೊದಲ ಹಾಫ್‌ನಲ್ಲಿ ಎರಡೂ ತಂಡ ಸೇರಿ 114.5ಕ್ಕಿಂತ ಜಾಸ್ತಿ ಅಂಕ ಬರುತ್ತಾ?' ಬಂದರೆ 'ಹೌದು' ಕಾಂಟ್ರಾಕ್ಟ್‌ಗೆ ಒಂದು ಡಾಲರ್, ಬರದಿದ್ದರೆ ಸೊನ್ನೆ. 54 ಸೆಂಟ್‌ಗೆ ಮಾರುತ್ತಿದೆ ಅಂದರೆ, ಹೆಚ್ಚುಕಡಿಮೆ 54% ಸಾಧ್ಯತೆ ಇದೆ ಅಂತ ಜನ ನಂಬಿದ್ದಾರೆ.

ಮೊದಲ ಹಾಫ್ ನಮಗೆ ಹೇಳಿ ಮಾಡಿಸಿದ್ದು. ಚಳಿಗಾಲದಲ್ಲಿ ನ್ಯೂಯಾರ್ಕ್‌ನ ಸಂಜೆ 7 ಅಂದರೆ ಇಲ್ಲಿ ಬೆಳಗ್ಗೆ 5:30, ಹಾಗಾಗಿ ಆಫೀಸಿಗೆ ಹೊರಡುವ ಮುಂಚೆ ಹಾಫ್ ಮುಗಿದಿರುತ್ತದೆ. ಇನ್ನೊಂದು ಮುಖ್ಯ ಕಾರಣವೂ ಇದೆ. ಪಂದ್ಯದ ಕೊನೆಯಲ್ಲಿ ಸೋಲುತ್ತಿರುವ ತಂಡ ಬೇಕಂತಲೇ ಫೌಲ್ ಮಾಡುತ್ತದೆ, ಓವರ್‌ಟೈಮ್ ಬರಬಹುದು, ಅದೆಲ್ಲ ಲೆಕ್ಕ ಕೆಡಿಸುತ್ತದೆ. ಮೊದಲ ಹಾಫ್‌ನಲ್ಲಿ ಈ ಕಾಟ ಇಲ್ಲ. ಹಾಗಂತ ಇಡೀ ಪಂದ್ಯದ ಅಂದಾಜನ್ನು ಸುಮ್ನೆ ಎರಡರಿಂದ ಭಾಗಿಸಬೇಡಿ.

ಅಂಕ ಬರುವುದು ಎರಡು ವಿಷಯದಿಂದ: ಎಷ್ಟು ಪೊಸೆಷನ್ (ಚೆಂಡು ಒಂದು ತಂಡದ ಕೈಲಿರುವ ಒಂದು ಸರದಿ), ಒಂದೊಂದು ಪೊಸೆಷನ್‌ಗೆ ಎಷ್ಟು ಅಂಕ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಹಾಫ್ 24 ನಿಮಿಷ, ಅಂದರೆ ಎರಡು ಕ್ವಾರ್ಟರ್. ಈಚಿನ ಸೀಸನ್‌ಗಳಲ್ಲಿ ತಂಡಕ್ಕೆ ಸುಮಾರು 50 ಪೊಸೆಷನ್, ಎರಡೂ ಸೇರಿ 100. ಪೊಸೆಷನ್‌ಗೆ 1.14 ಅಂಕ ಅಂತ ಇಟ್ಟುಕೊಂಡರೆ 114. ಎರಡೂ ತಂಡಗಳ ಪೇಸ್ (ಪಂದ್ಯಕ್ಕೆ ಎಷ್ಟು ಪೊಸೆಷನ್) ಮತ್ತು ಅಫೆನ್ಸಿವ್ ರೇಟಿಂಗ್ (ನೂರು ಪೊಸೆಷನ್‌ಗೆ ಎಷ್ಟು ಅಂಕ) ಎನ್‌ಬಿಎ ವೆಬ್‌ಸೈಟಲ್ಲೇ ಪುಕ್ಕಟೆ ಸಿಗುತ್ತವೆ, ಅದಕ್ಕೆ ತಕ್ಕಂತೆ ಈ ಸಂಖ್ಯೆ ತಿದ್ದಿ. ಗಾಯಾಳುಗಳ ಪಟ್ಟಿ ನೋಡಿ. ನಿನ್ನೆಯೂ ಆಡಿದ ತಂಡವಾ ಅಂತ ನೋಡಿ.

ಈಗ ಬಹಳ ಜನ ಎಡವುವ ಜಾಗ. ಮೊದಲ ಕ್ವಾರ್ಟರ್ 34-33ಕ್ಕೆ ಮುಗಿಯಿತು ಅಂದುಕೊಳ್ಳಿ, ಒಟ್ಟು 67. ಎಲ್ಲರೂ 'ಜಾಸ್ತಿ' ಕಡೆ ಓಡುತ್ತಾರೆ, ಲೈನ್, ಅಂದರೆ ಮಾರುಕಟ್ಟೆಯ ಪ್ರಶ್ನೆಯಲ್ಲಿರುವ ಗಡಿ ಸಂಖ್ಯೆ, 128.5ಕ್ಕೆ ಏರುತ್ತದೆ. ನೀವು ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಅಂಶದ ಪಟ್ಟಿ) ತೆಗೆಯಿರಿ. ಎರಡೂ ತಂಡದ ಶಾಟ್‌ಗಳು 44, ಫ್ರೀ ಥ್ರೋ 10, ಅಫೆನ್ಸಿವ್ ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡನ್ನು ಅದೇ ತಂಡ ಮತ್ತೆ ಹಿಡಿದದ್ದು) 5, ಟರ್ನೋವರ್ (ಶಾಟ್ ಹೊಡೆಯದೇ ಚೆಂಡು ಕಳೆದುಕೊಂಡದ್ದು) 6. ಲೆಕ್ಕ ಹೀಗೆ: ಶಾಟ್, ಜೊತೆಗೆ ಫ್ರೀ ಥ್ರೋಗಳ 0.44 ಪಾಲು, ಅದರಿಂದ ಅಫೆನ್ಸಿವ್ ರೀಬೌಂಡ್ ಕಳೆದು ಟರ್ನೋವರ್ ಕೂಡಿಸಿ. 49.4 ಪೊಸೆಷನ್ ಬರುತ್ತದೆ. ಹಾಫ್‌ಗೆ 100 ಅಂದರೆ ಕ್ವಾರ್ಟರ್‌ಗೆ 50, ಹಾಗಾಗಿ ಆಟದ ವೇಗ ಮಾಮೂಲಿ, ಮೂರು ಅಂಕದ ಶಾಟ್‌ಗಳು ಬಿದ್ದಿವೆ ಅಷ್ಟೆ, ಮುಂದಿನ ಕ್ವಾರ್ಟರ್‌ನಲ್ಲೂ ಹಾಗೇ ಬೀಳುತ್ತವೆ ಅಂತ ನಂಬಲು ಕಾರಣ ಇಲ್ಲ. ಮುಂದಿನದಕ್ಕೆ ಮಾಮೂಲಿ 114ರ ಅರ್ಧ, 57 ಹಾಕಿ, ಒಟ್ಟು 124. ಲೈನ್ ಜಾಸ್ತಿ ಏರಿದೆ. ಅದೇ 67 ಅಂಕ 50 ಶಾಟ್, 7 ಟರ್ನೋವರ್‌ನಿಂದ ಬಂದಿದ್ದರೆ, ಉಳಿದದ್ದು ಅಷ್ಟೇ ಇದ್ದರೂ, ಪೊಸೆಷನ್ 56 ದಾಟುತ್ತದೆ. ಆಗ ವೇಗ ನಿಜವಾಗಿಯೂ ಜಾಸ್ತಿ, 128.5 ಏನೂ ಅತಿ ಅಲ್ಲ.

ಫೌಲ್ ಕೂಡ ಗಮನಿಸಿ. ಒಂದು ಕ್ವಾರ್ಟರ್‌ನಲ್ಲಿ ತಂಡದ ಐದನೇ ಫೌಲ್‌ನಿಂದ ಎದುರಾಳಿಗೆ ಎರಡು ಫ್ರೀ ಥ್ರೋ. ಗಡಿಯಾರ ನಿಂತೇ ಇರುತ್ತದೆ, ಅಂಕ ಬರುತ್ತಿರುತ್ತದೆ. ಎರಡನೇ ಕ್ವಾರ್ಟರ್ ಶುರುವಲ್ಲೇ ಶಿಳ್ಳೆ ಮೇಲೆ ಶಿಳ್ಳೆ ಬಿದ್ದರೆ ಅಂದಾಜು ಸ್ವಲ್ಪ ಏರಿಸಿ. ಅದೇ ಹೊತ್ತಿಗೆ ಬೆಂಚ್ ಆಟಗಾರರೂ ಇಳಿದಿರುತ್ತಾರೆ, ಅವರ ಆಟದ ವೇಗ ಬೇರೆ ಇರಬಹುದು.

ಈ ಸಂಖ್ಯೆಗಳನ್ನು ನಮ್ಮ ಕಂಠೀರವದ ಪಂದ್ಯಗಳಿಗೆ ಹಾಕಬೇಡಿ. 2017ರ ಮಹಿಳಾ ಏಷ್ಯಾ ಕಪ್ ಅಲ್ಲೇ ನಡೆದಿತ್ತು, ನೆನಪಿದೆ ಅಲ್ವಾ? ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫೀಬಾದ ನಿಯಮದಲ್ಲಿ ಕ್ವಾರ್ಟರ್ 10 ನಿಮಿಷ, ಹಾಫ್ 20. ವಿಧಾನ ಅದೇ, ಅಂಕಿ ಬೇರೆ.

ಪ್ರತಿ ಪಂದ್ಯಕ್ಕೂ ಮೊದಲು ನಿಮ್ಮ ಶೇಕಡಾ ಬರೆಯಿರಿ, ಪಕ್ಕದಲ್ಲಿ ಮಾರುಕಟ್ಟೆಯ ಬೆಲೆ. 60% ಅಂದಿದ್ದು ನಿಜವಾದರೆ, 1ಕ್ಕೆ ಉಳಿದ 0.4ರ ವರ್ಗ, 0.16. ಸುಳ್ಳಾದರೆ 0.6ರ ವರ್ಗ, 0.36. ಇದು ಬ್ರೈಯರ್ ಸ್ಕೋರ್, ಕಡಿಮೆ ಇದ್ದಷ್ಟೂ ಒಳ್ಳೆಯದು. ಕಣ್ಣು ಮುಚ್ಚಿ ಪ್ರತಿಸಲ 50% ಅಂದವರಿಗೂ 0.25 ಸಿಗುತ್ತದೆ. ಒಂದು ಸೀಸನ್ ಪೂರ್ತಿ ಬರೆದು, ನಿಮ್ಮ ಸರಾಸರಿ ಮಾರುಕಟ್ಟೆಯ ಸರಾಸರಿಗಿಂತ ಕೆಳಗಿದೆಯಾ ನೋಡಿ.