ಕಾಶ್ಮೀರ ಟೂರಲ್ಲಿ ಹೌಸ್‌ಬೋಟ್ ಕೊನೆಗಿಟ್ಟೆ: ನನ್ನ ಅನುಭವ

"ಊಟ ಮುಗಿದ ಮೇಲೆ ತಿಂಡಿ ಕೊಡ್ತೀರಾ ಸ್ವಾಮಿ?" ನನ್ನ ಕಾಶ್ಮೀರದ ಪಟ್ಟಿ ನೋಡಿ ಬೇಲೂರಿನ ಗೆಳೆಯರೊಬ್ಬರು ನಕ್ಕಿದ್ದು ಹೀಗೆ. ಅವರೂ ನನ್ನ ಹಾಗೇ ವರ್ಷಕ್ಕೆ ಮೂರ್ನಾಲ್ಕು ಗುಂಪು ಪ್ರವಾಸಕ್ಕೆ ಕರೆದುಕೊಂಡು ಹೋಗುವವರು. ನಮ್ಮ ಕಸುಬಿನಲ್ಲಿ ಹೌಸ್‌ಬೋಟ್ ಅಂದ್ರೆ ಮೊದಲನೇ ರಾತ್ರಿ. ನಾನು ಅದನ್ನು ಬೆಟ್ಟಗಳೆಲ್ಲ ಮುಗಿದ ಮೇಲೆ ಕೊನೆಗೆ ಹಾಕಿದ್ದೆ, ಅದೂ ಎರಡು ರಾತ್ರಿ. ಚಿಕ್ಕಮಗಳೂರಿನಲ್ಲಿ ಇನ್ನಿಬ್ಬರು "ಫ್ಲೈಟ್ ತಪ್ಪಿಸಿಕೊಳ್ತೀರಿ" ಅಂದರು. ನನ್ನ ಹೆಂಡತಿಗೂ ನಂಬಿಕೆ ಇರಲಿಲ್ಲ.

ಅವರ ಅನುಮಾನ ಸುಮ್ನೆ ಬಂದದ್ದಲ್ಲ. ಅದಕ್ಕೆ ಮುಂಚೆ ನಾನೇ ಎರಡು ಸಲ ಕೈ ಸುಟ್ಟುಕೊಂಡಿದ್ದೆ.

2019ರ ಏಪ್ರಿಲ್‌ನಲ್ಲಿ 16 ಜನ. ರಾತ್ರಿ ಎಂಟಕ್ಕೆ ಚಿಕ್ಕಮಗಳೂರಿನಿಂದ ಟೆಂಪೋ ಟ್ರಾವೆಲರ್ ಹೊರಟಿತು. ಬೆಳಗಿನ ಜಾವ ಏರ್‌ಪೋರ್ಟ್. ದೆಹಲಿಯಲ್ಲಿ ವಿಮಾನ ಬದಲಿಸಿ ಶ್ರೀನಗರ ಮುಟ್ಟುವಾಗ ಮಧ್ಯಾಹ್ನ ಮೂರು. ನೇರ ದಾಲ್ ಸರೋವರಕ್ಕೆ ಹೋದೆವು. ಎಲ್ಲರ ಸೂಟ್‌ಕೇಸೂ ಶಿಕಾರಾ ಅನ್ನೋ ಸಣ್ಣ ದೋಣಿಯಲ್ಲಿ ದಾಟಿಸುವಷ್ಟರಲ್ಲಿ ಕತ್ತಲೆ. ಎಂಟು ಗಂಟೆಗೆಲ್ಲ ಮಲಗಿಬಿಟ್ಟರು. ದೇವದಾರು ಮರದ ಬೋಟು, ಕೆತ್ತನೆಯ ಚಾವಣಿ ಯಾರ ಕಣ್ಣಿಗೂ ಬೀಳಲಿಲ್ಲ. ಮೂಡಿಗೆರೆಯ ಹಿರಿಯರೊಬ್ಬರು ಮಾತ್ರ ಎದ್ದು ಕೂತಿದ್ದರು. "ಬೋಟು ಎಷ್ಟು ಹೊತ್ತಿಗೆ ಹೊರಡುತ್ತಪ್ಪಾ?" ಅಂತ ಕೇಳಿದರು. ಕೇರಳದ ಆಲಪ್ಪುಳದಲ್ಲಿ ಓಡಾಡುವ ಬೋಟಿನ ಲೆಕ್ಕದಲ್ಲಿದ್ದರು ಪಾಪ. ಕಾಶ್ಮೀರದ ಬೋಟು ಕಟ್ಟಿಹಾಕಿದ ಜಾಗದಿಂದ ಅಲ್ಲಾಡಲ್ಲ ಅಂತ ನಾನು ಊರಲ್ಲೇ ಹೇಳಬೇಕಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಮರುದಿನ ಬೆಳಿಗ್ಗೆ. ಏಳು ಗಂಟೆಗೆ ಶಾಲು, ಕೇಸರಿ, ಮಣಿಸರದ ಶಿಕಾರಾಗಳು ಬಂದು ಬೋಟಿಗೆ ಅಂಟಿಕೊಂಡವು. ಬೆಲೆ ಗೊತ್ತಿಲ್ಲದ ಜನ, ಹೊಸ ಊರಿನ ಹುರುಪು. ಒಂಬತ್ತು ಗಂಟೆಯೊಳಗೆ ಅರ್ಧ ಗುಂಪಿನ ಪರ್ಸ್ ಖಾಲಿ. ನಾಲ್ಕನೇ ದಿನ ಗುಲ್ಮಾರ್ಗ್‌ನಲ್ಲಿ ಗೊಂಡೋಲಾ, ಅಂದರೆ ರೋಪ್‌ವೇ, ಹತ್ತಿ ಅಂದರೆ "ನಾವು ಕೆಳಗೇ ಇರ್ತೀವಿ ಬಿಡಿ" ಅಂದರು. ಅಫರ್ವಟ್ ಬೆಟ್ಟದ ಎರಡನೇ ಹಂತಕ್ಕೆ, ಅಂದರೆ ಸುಮಾರು 3,950 ಮೀಟರ್ ಎತ್ತರಕ್ಕೆ, ಹೋದವರು 6 ಜನ. ಆಮೇಲೆ ಕೇಸರಿ ಬೆಳೆಯುವ ಪಂಪೋರ್‌ನಲ್ಲಿ ಅದರ ಬೆಲೆ ಕೇಳಿದರು. ಬೋಟಿನಲ್ಲಿ ಕೊಟ್ಟದ್ದಕ್ಕಿಂತ ಎಷ್ಟೋ ಕಡಿಮೆ. ಬೈಗುಳ ಯಾರಿಗೆ ಬಿತ್ತು ಅಂತ ಬೇರೆ ಹೇಳಬೇಕಾ? ಇಷ್ಟಕ್ಕೆ ದೆಹಲಿಯ ಮಧ್ಯವರ್ತಿಗೆ ನಾನು ಕೊಟ್ಟದ್ದು ರೂಮಿಗೆ 5,500. ಎಂಟು ರೂಮು, 44,000.

2022ರಲ್ಲಿ ಬೋಟನ್ನು ಕೊನೆಗೆ ತಳ್ಳಿದೆ. ಆದರೆ ಒಂದೇ ರಾತ್ರಿ. ಅದು ಇನ್ನೂ ದೊಡ್ಡ ತಪ್ಪು. ಪಹಲ್ಗಾಮ್‌ನಿಂದ ಹೊರಟವರನ್ನು ಹೆದ್ದಾರಿಯಲ್ಲಿ ಎರಡು ಗಂಟೆ ನಿಲ್ಲಿಸಿದರು. ಶಿಕಾರಾ ಹತ್ತುವ ದಡ ಮುಟ್ಟುವಾಗ ರಾತ್ರಿ ಒಂಬತ್ತೂವರೆ, ಜಡಿಮಳೆ. ಮಂಡಿನೋವಿನ ಮೇಡಂ ಒಬ್ಬರನ್ನು ಅಲ್ಲಾಡುವ ಶಿಕಾರಾಕ್ಕೆ ಇಳಿಸಲು ಮೂವರು ಕೈ ಹಿಡಿಯಬೇಕಾಯಿತು. ಬೆಳಿಗ್ಗೆ ಎಂಟೂವರೆಗೆ ಫ್ಲೈಟ್, ಐದಕ್ಕೇ ಎಬ್ಬಿಸಿದೆ. "ಇದಕ್ಕಿಂತ ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜ್ ವಾಸಿ" ಅಂದರು ಆ ಮೇಡಂ. ಸುಳ್ಳಲ್ಲ. ತಲೆಗೆ ಸಾವಿರದಂತೆ 15 ಜನಕ್ಕೆ ವಾಪಸ್ ಕೊಟ್ಟೆ.

ಅಲ್ಲಿಗೆ ಬಿಟ್ಟುಬಿಡಬೇಕಿತ್ತು. ಬಿಡಲಿಲ್ಲ. ಆ ಐದು ಗಂಟೆಯ ಹೊತ್ತಿನಲ್ಲೂ ಜಗುಲಿಯಲ್ಲಿ ಶಾಲು ಹೊದ್ದು ಕೂತ ಇಬ್ಬರು ಏಳಲು ಒಪ್ಪಿರಲಿಲ್ಲ. ಆರು ದಿನ ಗಾಡಿ, ಕುದುರೆ, ಹಿಮ ಅಂತ ಅಲೆದ ಮೈಗೆ ಆ ನೀರು ಬೇಕಿತ್ತು. ಬೋಟು ನೋಡುವ ಜಾಗವಲ್ಲ, ಕೂರುವ ಜಾಗ ಅಂತ ನನಗೆ ಹೊಳೆದದ್ದು ಆಗಲೇ.

2024ರ ಅಕ್ಟೋಬರ್ ಕೊನೆ. 14 ಜನ, 7 ರೂಮು. ಈ ಸಲ ಏರ್‌ಪೋರ್ಟಿನಿಂದ ಶ್ರೀನಗರದಲ್ಲಿ ನಿಲ್ಲದೆ ನೇರ ಪಹಲ್ಗಾಮ್‌ಗೆ ಹೋದೆ. ತೊಂಬತ್ತು ಕಿಲೋಮೀಟರ್ ಚಿಲ್ಲರೆ. ಸುಸ್ತಾದವರು ಗಾಡಿಯಲ್ಲೇ ನಿದ್ದೆ ಮಾಡಿದರು. ಅಲ್ಲಿ ಎರಡು ರಾತ್ರಿ, ಸೋನಮಾರ್ಗ್‌ನಲ್ಲಿ ಒಂದು, ಆಮೇಲೆ ಗುಲ್ಮಾರ್ಗ್. ಕೊನೆಯ ಬೆಟ್ಟ ಗುಲ್ಮಾರ್ಗೇ ಆಗಬೇಕು, ಇದು ಮುಖ್ಯ. ಅಲ್ಲಿಂದ ಶ್ರೀನಗರ ಐವತ್ತು ಕಿಲೋಮೀಟರ್, ಇಳಿಜಾರು ದಾರಿ. ಮಲಗಲು ಮಾತ್ರ ಕೆಳಗಿನ ತಂಗ್‌ಮಾರ್ಗ್. ಮೇಲಿನ ಹೋಟೆಲಿಗೆ ಕೊಡುವ ದುಡ್ಡಿನಲ್ಲಿ ಇಲ್ಲಿ ಎರಡು ರೂಮು ಸಿಗುತ್ತವೆ. ಬೆಳಿಗ್ಗೆಯೇ ಗೊಂಡೋಲಾ ಮುಗಿಸಿದೆವು. ಟಿಕೆಟ್ ಊರಲ್ಲೇ ಆನ್‌ಲೈನ್ ತೆಗೆದಿದ್ದೆ. ಈ ಸಲ ಮೇಲಿನ ಹಂತಕ್ಕೆ 11 ಜನ ಹೋದರು, ಪರ್ಸಿನಲ್ಲಿ ದುಡ್ಡಿತ್ತಲ್ಲ! ನಾಲ್ಕು ಗಂಟೆಗೆ ಬೋಟಿನಲ್ಲಿ ಕಹ್ವಾ, ಅಂದರೆ ಕಾಶ್ಮೀರಿ ಟೀ, ಕುಡಿಯುತ್ತಿದ್ದೆವು.

ದಾಲ್ ಬಿಟ್ಟು ನಿಗೀನ್ ಸರೋವರ ಹಿಡಿದೆ. ಗಲಾಟೆ ಕಡಿಮೆ. ನಾನು ಹಿಡಿದ ಬೋಟುಗಳಿಗೆ ದಡದಿಂದಲೇ ಹಲಗೆಯ ದಾರಿ ಇದೆ. ಶಿಕಾರಾದಲ್ಲಿ ಸೂಟ್‌ಕೇಸ್ ಹೊರುವ ರಗಳೆಯಿಲ್ಲ, ಮಂಡಿನೋವಿನವರಿಗೂ ಭಯವಿಲ್ಲ. ಎದುರಿಗೇ ಹರಿ ಪರ್ಬತ್ ಕೋಟೆ. ಈ ನೀರಿನ ಮಟ್ಟ ಸುಮಾರು 1,585 ಮೀಟರ್, ನಮ್ಮ ಮುಳ್ಳಯ್ಯನಗಿರಿ 1,930. "ಮುಳ್ಳಯ್ಯನಗಿರಿಗಿಂತ ಕೆಳಗೆ ಇದ್ದೀವಿ" ಅಂದರೆ ಯಾರೂ ನಂಬಲಿಲ್ಲ. ಮೇಷ್ಟ್ರೊಬ್ಬರು ಫೋನಿನಲ್ಲಿ ನೋಡಿಯೇ ಒಪ್ಪಿದರು. ಅವರದ್ದು ಪೋಸ್ಟ್‌ಪೇಯ್ಡ್. ನಮ್ಮ ಕಡೆಯ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯಲ್ಲ ಅಂತ ನಿಮಗೆ ಗೊತ್ತೇ ಇದೆ.

ದುಡ್ಡಿನ ವಿಷಯ. ಅಕ್ಕಪಕ್ಕದ ಎರಡು ಬೋಟು, ಒಂದರಲ್ಲಿ 4 ರೂಮು, ಇನ್ನೊಂದರಲ್ಲಿ 3. ರೂಮಿನ ಲೆಕ್ಕ ಬಿಟ್ಟು ಎರಡೂ ಬೋಟು ಪೂರ್ತಿ, ಎರಡು ರಾತ್ರಿಗೆ ಮಾತಾಡಿದೆ. ತಿಂಡಿ, ರಾತ್ರಿ ಊಟ ಸೇರಿ ಒಂದು ರೂಮಿಗೆ ರಾತ್ರಿಗೆ 3,800ರಂತೆ ಬಂತು. ಒಟ್ಟು 53,000 ಚಿಲ್ಲರೆ. 2019ರಲ್ಲಿ ಒಂದು ರಾತ್ರಿಗೆ ಸುರಿದ ದುಡ್ಡಿಗೆ ಹೋಲಿಸಿ ನೋಡಿ. ಮಧ್ಯವರ್ತಿ ಇಲ್ಲ, ಮಾಲೀಕರ ಜೊತೆ ನೇರ ಮಾತು. ನನ್ನ ಹಿಂದಿ ಅಷ್ಟಕ್ಕಷ್ಟೇ, ಆದರೂ ನಡೆಯಿತು. ತಲೆಗೆ ಎರಡು ಸಾವಿರದ ಹತ್ತಿರ ನನಗೆ ಉಳಿಯಿತು.

ಶಾಲಿನವರನ್ನು ಮೊದಲನೇ ಸಂಜೆ ಬೋಟಿನ ಹತ್ತಿರ ಬರಗೊಡಲಿಲ್ಲ. ಮರುದಿನ ಹತ್ತು ಗಂಟೆಗೆ ಬಂದರು. ಅವರ ವ್ಯಾಪಾರದಲ್ಲಿ ಬೋಟಿನವರಿಗೂ ಪಾಲಿರುತ್ತದೆ, ಆದರೂ ಹೇಗೆ ಒಪ್ಪಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಅಷ್ಟರಲ್ಲಿ ನಮ್ಮವರು ಪಂಪೋರ್‌ನಲ್ಲಿ ಕೇಸರಿ ಹೂವು ಬಿಡಿಸುವುದನ್ನೇ ನೋಡಿ ಬಂದಿದ್ದರು. ಶಾಲಿನ ಬೆಲೆಯೂ ಪಹಲ್ಗಾಮ್‌ನಲ್ಲಿ ಕೇಳಿಯಾಗಿತ್ತು. ಕಡೂರಿನ ಅಕ್ಕ ಒಬ್ಬರು 4,000 ಹೇಳಿದ ಶಾಲನ್ನು 1,400ಕ್ಕೆ ಇಳಿಸಿದರು. ವ್ಯಾಪಾರಿಯೇ ನಗುತ್ತಾ ಸಲಾಂ ಹೊಡೆದ.

ಇನ್ನು ಕಾಫಿ. ನಮ್ಮೂರಿನವರನ್ನು ಏಳು ದಿನ ಕಾಫಿ ಇಲ್ಲದೆ ಇಟ್ಟರೆ ಏನಾಗುತ್ತೆ ಅಂತ ಗೊತ್ತಲ್ವಾ? ಎರಡು ದೊಡ್ಡ ಫಿಲ್ಟರ್, ಒಂದೂವರೆ ಕೆಜಿ ಪುಡಿ ಒಯ್ದಿದ್ದೆ. ಸೋನಮಾರ್ಗ್‌ನಲ್ಲಿ ಡಿಕಾಕ್ಷನ್ ನೀರಾಯಿತು. ಪುಡಿ ಜಾಸ್ತಿ ಹಾಕಿದೆ, ಆದರೂ ಸಪ್ಪೆ. ಆ ಎತ್ತರದಲ್ಲಿ ನೀರು 91 ಡಿಗ್ರಿಗೆಲ್ಲ ಕುದಿಯುತ್ತದೆ, ಪುಡಿಯ ಸತ್ವ ಅಷ್ಟು ಚೆನ್ನಾಗಿ ಇಳಿಯಲ್ಲ. ಅದೇ ಪುಡಿ ನಿಗೀನ್‌ನಲ್ಲಿ ಚೆನ್ನಾಗಿ ಇಳಿಯಿತು. ಬೆಳಿಗ್ಗೆ ಆರಕ್ಕೆ ಜಗುಲಿಯಲ್ಲಿ ಮಂಜು, ಕೈಯಲ್ಲಿ ಫಿಲ್ಟರ್ ಕಾಫಿ. ಆ ಫೋಟೋದಿಂದಲೇ ನನಗೆ ಮುಂದಿನ ಗುಂಪಿನ ಐದು ಸೀಟು ತುಂಬಿದವು.

ಮುದ್ದೆಯ ಪ್ರಯೋಗವೂ ಆಯಿತು. ಅವರಲ್ಲಿ ಹಾಕ್ ಅಂತ ಒಂದು ಸೊಪ್ಪು ಮಾಡ್ತಾರೆ. ನೋಡಲು ನವಿಲುಕೋಸಿನ ಎಲೆಯ ಹಾಗೇ. ಅದಕ್ಕೆ ಮುದ್ದೆ ಸರಿಹೋಗುತ್ತೆ ಅನ್ನಿಸಿ ಹಿಟ್ಟು ಒಯ್ದಿದ್ದೆ. ಅಡುಗೆ ದೋಣಿ ಬೇರೆ ಇರುತ್ತದೆ, ಅಲ್ಲಿಗೆ ನನ್ನನ್ನು ಬಿಡಲು ಅಡುಗೆಯವನಿಗೆ ಮನಸ್ಸಿರಲಿಲ್ಲ. ಕೊನೆಗೆ ಬಿಟ್ಟ. ಕೋಲು ಮರೆತಿದ್ದೆ, ಮರದ ಸೌಟಿನಲ್ಲಿ ತಿರುವಿದೆ, ಸೌಟು ಮುರಿಯಿತು. ಗಂಟು ಗಂಟು ಮುದ್ದೆ. ತಿಂದವರು ನಾಲ್ವರು. ಅವರ ಉಪ್ಪಿನ ಟೀ ನಮ್ಮವರಲ್ಲಿ ಒಬ್ಬರಿಗೂ ಸೇರಲಿಲ್ಲ, ಅಲ್ಲಿಗೆ ಸಮ ಆಯಿತು.

ಫ್ಲೈಟ್ ಮಧ್ಯಾಹ್ನ ಎರಡೂವರೆಗೆ ತೆಗೆದಿದ್ದೆ. ಟಿಕೆಟ್ ತಲೆಗೆ ಏಳೆಂಟುನೂರು ಜಾಸ್ತಿ ಆಯಿತು, ಆದರೆ ಅದರಲ್ಲಿ ಜಿಪುಣತನ ಬೇಡ. ಶ್ರೀನಗರ ಏರ್‌ಪೋರ್ಟಿನಲ್ಲಿ ಟರ್ಮಿನಲ್‌ಗೆ ಮುಂಚೆಯೇ ಗೇಟಿನಲ್ಲಿ ಎಲ್ಲ ಲಗೇಜ್ ಇಳಿಸಿ ತಪಾಸಣೆ. ಹತ್ತಕ್ಕೆ ಬೋಟು ಬಿಟ್ಟೆವು, ಆತುರವಿಲ್ಲದೆ ತಲುಪಿದೆವು.

2025ರ ಮೇ ತಿಂಗಳಿಗೆ ಮತ್ತೆ 14 ಸೀಟು ತುಂಬಿತ್ತು. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಆ ದಾಳಿ ಆಯಿತು. ಎಲ್ಲರ ಅಡ್ವಾನ್ಸ್ ವಾಪಸ್ ಕೊಟ್ಟೆ. ಬೋಟಿನ ಮಾಲೀಕರು, ನಾವೆಲ್ಲ ಚಾಚಾ ಅನ್ನುವವರು, ನಾನು ಕೇಳುವ ಮುಂಚೆಯೇ 20,000 ತಿರುಗಿ ಹಾಕಿದರು. ಹೋಟೆಲಿನವರೊಬ್ಬರು ಇನ್ನೂ ಫೋನ್ ಎತ್ತುತ್ತಿಲ್ಲ. ಬೇಲೂರಿನ ಗೆಳೆಯರಿಗೆ ಇದನ್ನು ಹೇಳಿದಾಗ ಅವರು ಚಾಚಾನ ನಂಬರ್ ಕೇಳಿದರು. ಕೊಡಲಿಲ್ಲ.

ಇನ್ನೂ ಎರಡು ಕೊರತೆ ಇವೆ. ಎಲ್ಲ ರೂಮಿನವರೂ ಒಟ್ಟಿಗೆ ಗೀಸರ್, ಕರೆಂಟ್ ಕಂಬಳಿ ಹಾಕಿದರೆ ಫ್ಯೂಸ್ ಹೋಗುತ್ತದೆ. ಸರದಿ ಮಾಡಿಸಬೇಕು. ಇನ್ನೊಂದು ಗೊರಕೆ. ಮರದ ಗೋಡೆ, ಈ ರೂಮಿನದು ಆ ರೂಮಿಗೆ ಕೇಳುತ್ತದೆ. ಗೊರಕೆಯವರಿಗೆ ತುದಿಯ ರೂಮು ಕೊಡಿ. ಯಾರು ಅಂತ ಹೆಂಡತಿಯರನ್ನೇ ಕೇಳಿ, ಗಂಡಸರು ಒಪ್ಪಲ್ಲ.