ಲೇಸರ್ ಪ್ಲೇಯರ್ ಮತ್ತು ಬಳ್ಳಾರಿ ಧೂಳು

"ಅಣ್ಣಾ, ಮುಳ್ಳೇ ಇಲ್ದಂಗ ಲೇಸರ್‌ನಾಗ ಓದೋ ಮಷಿನ್ ಐತಂತಲ್ಲ, ಒಂದು ತರಸಬಾರ್ದಾ?" ಕೌಲ್ ಬಜಾರಿನ ನನ್ನ ರಿಪೇರಿ ಅಂಗಡಿಗೆ ಬಂದವರು ಗೋಡೆ ಕಡೆ ಜೋಡಿಸಿಟ್ಟ ಗ್ರಾಮಫೋನ್ ಪ್ಲೇಟು ಕಂಡ ಕೂಡಲೇ ಹೀಗೆ ಕೇಳುತ್ತಾರೆ. ನನಗೂ ಆ ಆಸೆ ಬಹಳ ವರ್ಷ ಇತ್ತು. ತಾತ ಬಿಟ್ಟುಹೋದ ನಲವತ್ತು ಚಿಲ್ಲರೆ '78' ಪ್ಲೇಟುಗಳಲ್ಲಿ (ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟು) ಅರ್ಧಕ್ಕರ್ಧ ಗೆರೆ ಸವೆದು ಬೂದಿ ಬಣ್ಣಕ್ಕೆ ತಿರುಗಿವೆ. ಗ್ರಾಮಫೋನಿನ ಉಕ್ಕಿನ ಮುಳ್ಳನ್ನು ಒಂದು ಮಗ್ಗುಲು ಮುಗಿದ ಮೇಲೆ ಬಿಸಾಡಬೇಕು. ತಾತ ಏನನ್ನೂ ಬಿಸಾಡುವ ಜಾತಿಯವನಲ್ಲ.

ಮಷಿನ್ ಇರುವುದು ನಿಜ. 1980ರ ದಶಕದಲ್ಲಿ ಅಮೆರಿಕದ ಫಿನಿಯಲ್ ಅನ್ನುವ ಕಂಪನಿ ಇದಕ್ಕೆ ಕೈಹಾಕಿತು. ಅಷ್ಟರಲ್ಲಿ ಸಿಡಿ ಬಂದು ಪ್ಲೇಟನ್ನು ಕೇಳುವವರೇ ಕಡಿಮೆಯಾದರು. ಆಮೇಲೆ ಜಪಾನಿನ ಇಎಲ್‌ಪಿ ಅನ್ನುವ ಕಂಪನಿ ಅದನ್ನು ಮುಂದುವರಿಸಿ ಮಾರಾಟಕ್ಕೆ ತಂದಿತು. ಐದು ಲೇಸರ್ ಕಿರಣ: ಎರಡು ಗೆರೆಯ ದಾರಿ ಹಿಡಿಯಲಿಕ್ಕೆ, ಎರಡು ಗೆರೆಯ ಎಡಬಲ ಗೋಡೆಗಳಿಂದ ಧ್ವನಿ ಓದಲಿಕ್ಕೆ, ಇನ್ನೊಂದು ಪ್ಲೇಟಿನ ಏರುತಗ್ಗು ನೋಡಿಕೊಳ್ಳಲಿಕ್ಕೆ. ಲೇಸರ್ ಅಂದರೆ ಸಿಡಿ ಥರ ಡಿಜಿಟಲ್ ಅಂದುಕೊಳ್ಳುತ್ತಾರೆ. ಅಲ್ಲ, ಕೊನೆವರೆಗೂ ಅನಲಾಗೇ, ಧ್ವನಿಯನ್ನು ಅಂಕಿಗಳಾಗಿ ಬದಲಿಸುವುದೇ ಇಲ್ಲ. ಬೆಲೆ ಮಾತ್ರ ಸಾವಿರಾರು ಡಾಲರು. ಸಾಗಣೆ, ಸುಂಕ ಬೇರೆ. ನಮ್ಮ ಕಡೆ ಅಷ್ಟಕ್ಕೆ ಕಾರು ಬರುತ್ತದೆ.

ಬೆಂಗಳೂರಿನ ಒಬ್ಬ ಸಂಗ್ರಾಹಕರ ಮನೆಯಲ್ಲಿ ಅದು ಇದೆ ಅಂತ ಗೊತ್ತಾದಾಗ ಆರು ಪ್ಲೇಟುಗಳನ್ನು ಟವೆಲ್ ಸುತ್ತಿ ಟ್ರಂಕಿನಲ್ಲಿಟ್ಟು ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ರಾತ್ರಿಯಿಡೀ ಟ್ರಂಕಿನ ಮೇಲೆ ಕಾಲಿಟ್ಟುಕೊಂಡೇ ಮಲಗಿದ್ದೆ.

ಮೊದಲು ನನ್ನ ಹತ್ತಿರ ಇದ್ದುದರಲ್ಲೇ ಚೆನ್ನಾಗಿರುವ ಎಲ್‌ಪಿ (78ರ ನಂತರ ಬಂದ, ಹೆಚ್ಚು ಹೊತ್ತು ಹಾಡುವ ಪ್ಲಾಸ್ಟಿಕ್ ಪ್ಲೇಟು) ಕೊಟ್ಟೆ. ಮನೆಯಲ್ಲಿ ಸೊಗಸಾಗಿ ಹಾಡುವಂಥದ್ದು. ಟ್ರೇ ಒಳಗೆ ಹೋಯಿತು, ಹಾಡು ಶುರುವಾಯಿತು, ಅದರ ಹಿಂದೆಯೇ ಒಗ್ಗರಣೆಗೆ ಸಾಸಿವೆ ಸಿಡಿದಂಗೆ ಚಟಪಟ. ನಾನು ಮಷಿನ್ ಕೆಟ್ಟಿದೆ ಅಂದುಕೊಂಡೆ. ಅವರು ನಕ್ಕು, "ನಿಮ್ಮೂರು ಬಳ್ಳಾರಿ ಅಲ್ಲವಾ ಸಾರ್" ಅಂದರು.

ವಿಷಯ ಏನಂದರೆ, ಮುಳ್ಳಿಗೆ ಭಾರ ಇದೆ. ಒಂದೂವರೆ ಎರಡು ಗ್ರಾಮೇ ಇರಲಿ, ನೇಗಿಲಿನ ಥರ ಸಣ್ಣ ಧೂಳನ್ನು ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತದೆ. ಬೆಳಕಿಗೆ ಭಾರ ಎಲ್ಲಿಯದು? ಗೆರೆಯಲ್ಲಿ ಕೂತ ಧೂಳಿನ ಕಣವನ್ನೂ ಹಾಡು ಅಂತಲೇ ಓದುತ್ತದೆ. ಅದಿರಿನ ಲಾರಿಗಳು ಓಡಾಡಿದ ಊರು ನಮ್ಮದು. ಬೆಳಿಗ್ಗೆ ಒರೆಸಿದ ಟೇಬಲ್ಲಿನ ಮೇಲೆ ಮಧ್ಯಾಹ್ನ ಬೆರಳಲ್ಲಿ ಹೆಸರು ಬರೆಯಬಹುದು. ಅವರ ಹತ್ತಿರ ಪ್ಲೇಟು ತೊಳೆದು ನೀರನ್ನು ವ್ಯಾಕ್ಯೂಮಿನಲ್ಲಿ ಎಳೆಯುವ ಬೇರೆಯದೇ ಮಷಿನ್ ಇತ್ತು. ಅದರಲ್ಲಿ ತೊಳೆದು ಹಾಕಿದ ಮೇಲೆ ಅದೇ ಎಲ್‌ಪಿ ನಿಶ್ಶಬ್ದದಿಂದ ಎದ್ದು ಬಂತು.

ತಂಗಿ ಮಗ ಉಡುಗೊರೆ ಕೊಟ್ಟಿದ್ದ ಕೆಂಪು ಪ್ಲೇಟನ್ನು ಅದು ಓದಲೇ ಇಲ್ಲ. ಕಪ್ಪು ಬಣ್ಣದ್ದೇ ಆಗಬೇಕಂತೆ. ಬೆಳಕು ಒಳಗೆ ಹಾಯುವ ಬಣ್ಣದ ಪ್ಲೇಟು ಅದಕ್ಕೆ ಆಗಿಬರುವುದಿಲ್ಲ.

ಆಮೇಲೆ ತಾತನ 78. ಇಲ್ಲಿ ನಾನು ಸೋತೆ. ಉಕ್ಕಿನ ಮುಳ್ಳು ಗೋಡೆಯ ಯಾವ ಎತ್ತರದಲ್ಲಿ ಕೆರೆದಿತ್ತೋ ಅದನ್ನು ಬಿಟ್ಟು, ಮುಟ್ಟದೆ ಉಳಿದ ಜಾಗಕ್ಕೆ ಕಿರಣವನ್ನು ಏರಿಸಿ ಇಳಿಸಿ ನಿಲ್ಲಿಸಿದರು. ನಾನು ಹುಟ್ಟಿದಾಗಿನಿಂದ ಕರಕರ ಅಂತಲೇ ಕೇಳಿದ್ದ ನಾಟಕದ ಪದದಲ್ಲಿ ಹಾರ್ಮೋನಿಯಂ ಜೊತೆ ತಬಲಾನೂ ಇತ್ತು! ಮೂರು ನಿಮಿಷ, ಆಯಿತು. ಇನ್ನೊಂದು ಸಲ ಹಾಕಿ ಅಂತ ಕೇಳಲಿಕ್ಕೆ ನಾಚಿಕೆಯಾಯಿತು, ಅವರೇ ಹಾಕಿದರು.

ವಾಪಸ್ ಬರುವಾಗ ರೈಲಿನಲ್ಲಿ ತಲೆಗೆ ಬಂದ ಯೋಚನೆ ಇದು: ಸವೆಯದ ಜಾಗ ಹುಡುಕುವುದೇ ಗುಟ್ಟಾದರೆ ಅದನ್ನು ಮುಳ್ಳಿನಲ್ಲೂ ಮಾಡಬಹುದಲ್ಲ? 78ಕ್ಕೆ ಮಾಮೂಲಿ ಮುಳ್ಳಿನ ಅಳತೆ 3 ಮಿಲ್, ಅಂದರೆ ಇಂಚಿನ ಸಾವಿರದಲ್ಲಿ ಮೂರು ಭಾಗ. ಎಲ್‌ಪಿಯದ್ದು 0.7. 78ರ ಮುಳ್ಳನ್ನು ಸ್ವಲ್ಪ ಸಣ್ಣದು ಹಾಕಿದರೆ ಗೆರೆಯಲ್ಲಿ ಕೆಳಗೆ ಕೂರುತ್ತದೆ, ದಪ್ಪದು ಹಾಕಿದರೆ ಮೇಲೆ ನಿಲ್ಲುತ್ತದೆ. ಹಳೇ ಪ್ಲೇಟುಗಳನ್ನು ಕಾಪಾಡುವವರು ಹೀಗೆಯೇ ಅಳತೆ ಬದಲಿಸಿ ಬದಲಿಸಿ ನೋಡುತ್ತಾರೆ. 2.5 ಮತ್ತು 3.5ರ ಎರಡು ಮುಳ್ಳು ತರಿಸಿದೆ. ಒಂದು ಸಾಧಾರಣ ಫೋನಿನ ಖರ್ಚು. ಲೇಸರಿನಷ್ಟು ಶುದ್ಧ ಬರಲಿಲ್ಲ, ಆದರೆ ಆ ತಬಲಾ ನನ್ನ ಅಂಗಡಿಯಲ್ಲೂ ಕೇಳಿಸಿತು.

ತೊಳೆಯುವುದನ್ನೂ ಈಗ ಸರಿಯಾಗಿ ಮಾಡುತ್ತೇನೆ. ಬೋರಿನ ನೀರು ಬೇಡ, ಒಣಗಿದ ಮೇಲೆ ಉಪ್ಪು ಗೆರೆಯಲ್ಲೇ ಕೂರುತ್ತದೆ. ಇನ್ವರ್ಟರಿಗೆ ಹಾಕುವ ಬ್ಯಾಟರಿ ನೀರು ತರುತ್ತೇನೆ. ಅದಕ್ಕೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬ್ರಶ್ಶು, ಗೆರೆ ಹೋದ ದಿಕ್ಕಿನಲ್ಲೇ ಉಜ್ಜಿ, ಆಮೇಲೆ ಬರೀ ನೀರಲ್ಲಿ ಎರಡು ಸಲ. ನಡುವಿನ ಲೇಬಲ್ ಒದ್ದೆಯಾಗಬಾರದು. 78 ಆದರೆ ನೀರಿನಲ್ಲಿ ಬಹಳ ಹೊತ್ತು ಬಿಡಬಾರದು. ಬೆಳಗಿನ ಐದು ಗಂಟೆಗೆ ಕೂರುತ್ತೇನೆ, ರಸ್ತೆ ಏಳುವ ಮೊದಲು. ಫ್ಯಾನ್ ಹಾಕುವುದಿಲ್ಲ, ಬಿಸಿಲಿಗೂ ಇಡುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ ಎಲ್‌ಪಿ ಹಪ್ಪಳದಂತೆ ಮುದುರುತ್ತದೆ.

ಒಂದು ತಪ್ಪು ಹೇಳಿಬಿಡುತ್ತೇನೆ. ಎಲ್‌ಪಿಗೆ ಹಾಕುವ ಸ್ಪಿರಿಟ್ಟನ್ನೇ ಒಮ್ಮೆ 78ಕ್ಕೂ ಸವರಿದೆ. ಹತ್ತಿಯೆಲ್ಲ ಕಪ್ಪಾಯಿತು, ಪ್ಲೇಟು ಅಂಟಂಟಾಯಿತು. 78ರಲ್ಲಿ ಇರುವುದು ಅರಗು. ಪಕ್ಕದ ಬಡಗಿ ಅರಗನ್ನು ಸ್ಪಿರಿಟ್ಟಿನಲ್ಲೇ ಕರಗಿಸಿ ಬಾಗಿಲಿಗೆ ಪಾಲಿಶ್ ಹೊಡೆಯುವುದನ್ನು ದಿನಾ ನೋಡುತ್ತಿದ್ದ ನನಗೆ ಆ ಹೊತ್ತಿಗೆ ಅದು ಹೊಳೆಯಲೇ ಇಲ್ಲ.

ಹಾಗಾಗಿ ಕೇಳಿದವರಿಗೆ ನಾನು ಹೇಳುವುದು: ಕೊಳ್ಳಬೇಡಿ. ಧೂಳಿನ ಊರಲ್ಲಿ ಅದರ ಚಾಕರಿ ನಮ್ಮಿಂದ ಆಗುವುದಿಲ್ಲ, ಚೆನ್ನಾಗಿರುವ ಎಲ್‌ಪಿಗೆ ಅದರ ಅಗತ್ಯವೂ ಇಲ್ಲ. ಒಂದೇ ಒಂದು ಕೆಲಸಕ್ಕೆ ಮಾತ್ರ ಅದಕ್ಕೆ ಸಾಟಿ ಇಲ್ಲ. ತಾತನ ಒಂದು ಪ್ಲೇಟು ನಡುವಿನಿಂದ ಅಂಚಿನವರೆಗೆ ಸೀಳಿದೆ, ಮುಳ್ಳಿಟ್ಟರೆ ಮುಳ್ಳೇ ಮುರಿಯುತ್ತದೆ. ಸೀಳಿದ್ದನ್ನು ಲೇಸರ್ ದಾಟಿ ಹೋಗಬಲ್ಲದು, ತಗೊಂಡು ಬನ್ನಿ ನೋಡೋಣ ಅಂತ ಬೆಂಗಳೂರಿನವರು ಹೇಳಿದ್ದಾರೆ. ಮೊನ್ನೆ ತೊಳೆದು, ಹೊಸ ಕವರಿಗೆ ಹಾಕಿ, ಎರಡು ರಟ್ಟಿನ ನಡುವೆ ಕಟ್ಟಿಟ್ಟಿದ್ದೇನೆ. ದೀಪಾವಳಿ ಕಳೆದ ಮೇಲೆ ಟಿಕೆಟ್ ಮಾಡಿಸಬೇಕು.