ಕಟ್ಟಡ ಓದುವುದು ಹೇಗೆ? ಮೊದಲು ಚಾವಣಿ ನೋಡಿ

ಮಾಡರ್ನಿಸಂ, ಪೋಸ್ಟ್‌ಮಾಡರ್ನಿಸಂ, ಬ್ರೂಟಲಿಸಂ... ಆರ್ಕಿಟೆಕ್ಚರ್ ಬಗ್ಗೆ ತಿಳಿಯೋಣ ಎಂದು ಹೊರಟವರನ್ನು ಈ ಹೆಸರುಗಳೇ ಓಡಿಸಿಬಿಡುತ್ತವೆ. ಹೆಸರು ಆಮೇಲೆ ಇರಲಿ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ರಸ್ತೆ ಬದಿ ನಿಂತು ಒಂದು ಕಟ್ಟಡವನ್ನು ಸರಿಯಾಗಿ ನೋಡಲು ಕಲಿತರೆ ಸಾಕು. ಕಳೆದ ನೂರು ವರ್ಷದ ಕಥೆ ಬಹುಪಾಲು ಅಲ್ಲೇ ಸಿಗುತ್ತದೆ.

ತಲೆ ಎತ್ತಿ ಚಾವಣಿ ನೋಡಿ

ಬೇರೆ ಊರಿನಲ್ಲಾದರೆ ಬಾಗಿಲಿನಿಂದಲೋ ಕಿಟಕಿಯಿಂದಲೋ ಶುರು ಮಾಡಬಹುದು. ಕೊಡಗಿನಲ್ಲಿ ಚಾವಣಿಯೇ ಮೊದಲು. ಹಳೆಯ ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲಮನೆಯ, ಹೆಂಚಿನ ಮಾಡು ಇಳಿಜಾರಾಗಿ ಬಂದು, ಗೋಡೆ ದಾಟಿ, ಜಗಲಿಯ ಕಂಬದ ಆಚೆಗೂ ಚಾಚಿರುತ್ತದೆ. ಕಂಬಗಳ ನಡುವೆ ಕೂರಲು ಹಾಕಿದ ದಪ್ಪ ಹಲಗೆ, ಅದೇ ಐಮರ, ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲೂ ನೆನೆಯದೆ ಉಳಿಯುವುದು ಈ ಚಾಚಿನಿಂದಲೇ.

ಈಗ ಪಕ್ಕದ ಆರ್‌ಸಿಸಿ ಮನೆ ನೋಡಿ. ಚಪ್ಪಟೆ ತಾರಸಿ, ಸಾದಾ ಗೋಡೆ, ಅಗಲದ ಕಿಟಕಿ. ಇದರ ಬೇರು ಯುರೋಪಿನ ಮಾಡರ್ನಿಸಂನಲ್ಲಿದೆ. 1919ರಲ್ಲಿ ವಾಲ್ಟರ್ ಗ್ರೋಪಿಯಸ್ ಜರ್ಮನಿಯಲ್ಲಿ ಬೌಹೌಸ್ ಎಂಬ ಕಲೆ-ವಿನ್ಯಾಸ ಶಾಲೆ ಶುರು ಮಾಡಿದರು. 1920ರ ದಶಕದಲ್ಲಿ ಆರ್ಕಿಟೆಕ್ಟ್ ಲೆ ಕಾರ್ಬೂಸಿಯೆ ಐದು ಸೂತ್ರ ಹೇಳಿದರು. ಕಂಬದ ಮೇಲೆ ಎತ್ತಿದ ಮನೆ, ತಾರಸಿ ತೋಟ, ಬೇಕಾದ ಕಡೆ ಒಳಗೋಡೆ, ಉದ್ದನೆಯ ಪಟ್ಟಿ ಕಿಟಕಿ, ಭಾರ ಹೊರದ ಮುಂಗೋಡೆ. ಭಾರವನ್ನೆಲ್ಲ ಕಾಂಕ್ರೀಟ್ ಕಂಬ ಹೊತ್ತ ಮೇಲೆ ಗೋಡೆಗೆ ಬಿಡುಗಡೆ ಸಿಕ್ಕಿತು, ಅಲ್ವಾ? ಅದರ ಫಲ ಇದು.

ಪ್ಯಾರಿಸ್ ಹತ್ತಿರ ಅವರೇ ರೂಪಿಸಿ 1931ರಲ್ಲಿ ಮುಗಿದ ವಿಲ್ಲಾ ಸವೋಯ್ ಎಂಬ ಮನೆಯಲ್ಲಿ ಈ ಐದೂ ಇವೆ. ಅದು ಸೋರಿತು! ಮನೆಯೊಡತಿ ಕಾರ್ಬೂಸಿಯೆಗೆ ದೂರಿನ ಮೇಲೆ ದೂರು ಬರೆದರು. ಪ್ಯಾರಿಸ್ ಮಳೆಗೇ ಹೀಗಾದರೆ ಭಾಗಮಂಡಲದ ಮಳೆಗೆ? ಅದಕ್ಕೇ ನಮ್ಮಲ್ಲಿ ತಾರಸಿ ಹಾಕಿದ ಮೇಲೂ ಕಬ್ಬಿಣದ ಟ್ರಸ್ ನಿಲ್ಲಿಸಿ ಶೀಟು ಹೊದಿಸುತ್ತಾರೆ. ಮಾಡರ್ನಿಸಂಗೆ ಕೊಡಗು ತಂದ ತಿದ್ದುಪಡಿ ಎಂದರೆ ಅದೇ. ನೋಡಲು ಚೆಂದವೇನಿಲ್ಲ, ಆದರೆ ಜುಲೈನಲ್ಲಿ ಬಟ್ಟೆ ಹರವಲು ಬೇರೆ ಜಾಗ ಎಲ್ಲಿದೆ?

ಗೋಡೆಯ ಮೈ ನೋಡಿ

ಪ್ಲಾಸ್ಟರ್ ಇಲ್ಲ, ಬಣ್ಣ ಇಲ್ಲ, ಸೆಂಟ್ರಿಂಗ್ ಹಲಗೆಯ ಗೆರೆಯೂ ಕಾಣುತ್ತಿದೆ ಎಂದರೆ ಅದು ಬ್ರೂಟಲಿಸಂ ಕಡೆಯದು. ಚಂಡೀಗಢದಲ್ಲಿ ಕಾರ್ಬೂಸಿಯೆ ಕಟ್ಟಿದ ಸರ್ಕಾರಿ ಕಟ್ಟಡಗಳು ಇದೇ ದಾರಿಯವು. ನಮಗೆ ಹತ್ತಿರವಾಗಿ ನೋಡಬೇಕೆಂದರೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಇದೆ. ಕಾರ್ಬೂಸಿಯೆ ಬಳಿ ಕೆಲಸ ಮಾಡಿದ್ದ ಬಿ.ವಿ. ದೋಶಿ ಅದನ್ನು ರೂಪಿಸಿದರು. 2018ರಲ್ಲಿ ಆರ್ಕಿಟೆಕ್ಚರಿನ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಅವರು. ಒರಟು ಕಲ್ಲಿನ ಗೋಡೆ, ಕಾಂಕ್ರೀಟ್ ತೊಲೆಗಳ ನಡುವೆ ಬೀಳುವ ಬಿಸಿಲು, ಬಳ್ಳಿ, ಉದ್ದುದ್ದ ಓಣಿಗಳು. ಫತೇಪುರ ಸಿಕ್ರಿಯ ನೆನಪೂ ಅದರಲ್ಲಿ ಸೇರಿದೆ. ಹಾಗಾಗಿ ಸುಮ್ನೆ ಬ್ರೂಟಲಿಸಂ ಎಂದು ಚೀಟಿ ಅಂಟಿಸಲು ನನಗೆ ಮನಸ್ಸಾಗುವುದಿಲ್ಲ.

ಪೈಪು, ಎಸ್ಕಲೇಟರ್ ಎಲ್ಲ ಹೊರಗೇ ಕಂಡರೆ ಅದು ಹೈಟೆಕ್ ಶೈಲಿ. ಪ್ಯಾರಿಸ್‌ನ ಪಾಂಪಿದೂ ಸೆಂಟರ್ (1977) ಇದರ ಹೆಸರಾಂತ ಉದಾಹರಣೆ.

ಅಲಂಕಾರ ಎಲ್ಲಿಂದ ಬಂತು, ಕೇಳಿ

ಮಾಡರ್ನಿಸ್ಟರು ಅಲಂಕಾರವನ್ನು ಹೊರಗಟ್ಟಿದ್ದರು. ಊರೂರಲ್ಲೂ ಒಂದೇ ಥರದ ಡಬ್ಬಗಳು ಎದ್ದವು. 1972ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಪ್ರುಯಿಟ್-ಐಗೋ ವಸತಿ ಸಮುಚ್ಚಯವನ್ನು ಕೆಡವಲು ಶುರು ಮಾಡಿದಾಗಲೇ ಮಾಡರ್ನಿಸಂ ಸತ್ತುಹೋಯಿತು ಎಂದು ವಿಮರ್ಶಕ ಚಾರ್ಲ್ಸ್ ಜೆಂಕ್ಸ್ ಆಮೇಲೆ ಸಾರಿದರು. ಬಡತನ, ನಿರ್ವಹಣೆಗೆ ದುಡ್ಡಿಲ್ಲದ್ದು, ವರ್ಣಭೇದ ಎಲ್ಲ ಬಿಟ್ಟು ಕಟ್ಟಡವೊಂದನ್ನೇ ದೂರುವುದು ಸರಿಯಲ್ಲ ಎನ್ನುವವರೂ ಇದ್ದಾರೆ. ಅಂತೂ ಕಮಾನು, ಕಂಬ, ಬಣ್ಣ ಮತ್ತೆ ಬಂದವು. ಅದೇ ಪೋಸ್ಟ್‌ಮಾಡರ್ನಿಸಂ. ನ್ಯೂಯಾರ್ಕ್‌ನ ಎಟಿ ಅಂಡ್ ಟಿ ಗಗನಚುಂಬಿಗೆ (1984) ಫಿಲಿಪ್ ಜಾನ್ಸನ್ ಹಳೇ ಕಾಲದ ಮರದ ಬೀರುವಿನ ತಲೆಯನ್ನೇ ಇಟ್ಟರು. ಅದು ಬೇಕೆಂದೇ ಮಾಡಿದ ತಮಾಷೆ. ಹೊಸ ಬಂಗಲೆಗಳ ಮುಂದೆ ನಿಲ್ಲುವ ಸಿಮೆಂಟಿನ ಗ್ರೀಕ್ ಕಂಬಗಳಲ್ಲಿ ಆ ತಮಾಷೆ ಇಲ್ಲ, ಕ್ಯಾಟಲಾಗ್ ಮಾತ್ರ ಇದೆ.

ಒಂದು ಎಚ್ಚರಿಕೆ. ಶೈಲಿ ಬೆರೆತದ್ದೆಲ್ಲ ಪೋಸ್ಟ್‌ಮಾಡರ್ನ್ ಅಲ್ಲ. ಮಾಡರ್ನಿಸಂಗೂ ಬಹಳ ಮೊದಲೇ, 1820ರಲ್ಲಿ, ಕೊಡಗಿನ ರಾಜ ಲಿಂಗರಾಜೇಂದ್ರ ಕಟ್ಟಿಸಿದ ಮಡಿಕೇರಿಯ ಓಂಕಾರೇಶ್ವರ ದೇವಾಲಯಕ್ಕೆ ಗುಮ್ಮಟವಿದೆ, ಮೂಲೆಗಳಲ್ಲಿ ಮಿನಾರುಗಳಿವೆ.

ಗೋಡೆಗಳೇ ಸೊಟ್ಟಗಾಗಿ ಮುರಿದಂತೆ, ಹಾರಿದಂತೆ ಕಂಡರೆ ಅದು ಡಿಕನ್‌ಸ್ಟ್ರಕ್ಟಿವಿಸಂ. ಸ್ಪೇನಿನ ಬಿಲ್ಬಾವೊದಲ್ಲಿ ಫ್ರಾಂಕ್ ಗೆಹ್ರಿ ಟೈಟಾನಿಯಂ ಹೊದಿಸಿದ ಗುಗೆನ್‌ಹೈಮ್ ಮ್ಯೂಸಿಯಂ (1997), ಜಹಾ ಹದೀದ್ ಅವರ ಕಟ್ಟಡಗಳು ಈ ಸಾಲಿನವು. ಕೊಡಗಿನಲ್ಲಿ ಹುಡುಕಿ ಪ್ರಯೋಜನವಿಲ್ಲ, ಫೋಟೊ ನೋಡಿ ಮುಂದೆ ಹೋಗಿ.

ಕೊನೆಗೆ ನೆಲ ನೋಡಿ

ನಮಗೆ ಜಾಸ್ತಿ ಬೇಕಾದದ್ದು ಇದು. ಕಟ್ಟಡ ಆ ಜಾಗದ ಮಳೆ, ಇಳಿಜಾರು, ಬೆಳಕಿಗೆ ತಕ್ಕ ಹಾಗಿರಬೇಕು, ಆದರೆ ಹಳೆಯದರ ನಕಲಾಗಬಾರದು. 1980ರ ದಶಕದಲ್ಲಿ ವಿಮರ್ಶಕ ಕೆನೆತ್ ಫ್ರಾಂಪ್ಟನ್ ಹೀಗೆ ವಾದಿಸಿದರು. ಕ್ರಿಟಿಕಲ್ ರೀಜನಲಿಸಂ ಎನ್ನುವುದು ಇದನ್ನೇ. ಶ್ರೀಲಂಕಾದ ಜೆಫ್ರಿ ಬಾವಾ ಕಂದಲಮ ಹೋಟೆಲನ್ನು ಬಂಡೆಗೆ ಒರಗಿಸಿ, ಗಿಡಬಳ್ಳಿ ಹಬ್ಬಲು ಬಿಟ್ಟರು. ಕೇರಳದಲ್ಲಿ ಲಾರಿ ಬೇಕರ್ ಫಿಲ್ಲರ್ ಸ್ಲ್ಯಾಬ್ ಬಳಸಿದರು. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ, ಎಳೆತ ತಡೆಯುವುದು ಕಂಬಿ. ಆ ಕಂಬಿಗಳ ನಡುವೆ ಹಳೆ ಮಂಗಳೂರು ಹೆಂಚು ಇಟ್ಟರೆ ಕಾಂಕ್ರೀಟ್ ಉಳಿಯುತ್ತದೆ, ಭಾರವೂ ತಗ್ಗುತ್ತದೆ.

ಕೊಡಗಿನ ಹೊಸ ಹೋಂಸ್ಟೇಗಳಿಗೆ ಹೋದರೆ ಮುಂದೆ ಅಲ್ಲ, ಹಿಂದೆ ಹೋಗಿ ನೋಡಿ. ಜೆಸಿಬಿ ಕಡಿದ ಬರೆ, ಅಂದರೆ ಗುಡ್ಡದ ಮಣ್ಣಿನ ಗೋಡೆ, ಎಷ್ಟು ಎತ್ತರ ಇದೆ? ನೀರು ಹೋಗಲು ದಾರಿ ಇದೆಯಾ? ಮುಂದೆ ಹೆಂಚಿನ ಮಾಡು, ಮರದ ಕಂಬ ಎಲ್ಲ ಇದ್ದು ಹಿಂದೆ ಗುಡ್ಡ ನೆಟ್ಟಗೆ ಸೀಳಿದ್ದರೆ ಅದು ರೀಜನಲಿಸಂ ಅಲ್ಲ, ವೇಷ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನೀವೇ ಮನೆ ಕಟ್ಟಿಸುವವರಾದರೆ ಎಂಜಿನಿಯರ್ ಮೊದಲು ಬಣ್ಣಬಣ್ಣದ ಎಲಿವೇಶನ್, ಅಂದರೆ ಮನೆಯ ಮುಂಭಾಗದ ಚಿತ್ರ, ತೋರಿಸುತ್ತಾರೆ. ಅದನ್ನು ಪಕ್ಕಕ್ಕಿಟ್ಟು ಸೆಕ್ಷನ್ ಡ್ರಾಯಿಂಗ್ ಕೇಳಿ. ಮನೆಯನ್ನು ಮೇಲಿಂದ ಕೆಳಕ್ಕೆ ಕತ್ತರಿಸಿ ತೋರಿಸುವ ಹಾಳೆ ಅದು. ಮಾಡು ಗೋಡೆಯಿಂದ ಎಷ್ಟು ಚಾಚಿದೆ, ಗುಡ್ಡವನ್ನು ಎಷ್ಟು ಕಡಿಯುತ್ತಾರೆ, ಬಿದ್ದ ನೀರು ಎಲ್ಲಿಗೆ ಹೋಗುತ್ತದೆ, ಈ ಮೂರೂ ಅದರಲ್ಲಿ ಕಾಣಬೇಕು. ಕಾಣದಿದ್ದರೆ ಪಾಯ ತೋಡುವ ಮೊದಲೇ ಬರೆಸಿಕೊಳ್ಳಿ.